ಬಿಟ್ಟ ಮೇಲಿನ ಭಯ: ಸಿಗರೇಟು ಮತ್ತೆ ಕರೆಯುವುದು ಎಲ್ಲಿಂದ?

ಸಿಗರೇಟು ಬಿಡಿ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಪ್ಯಾಕೆಟ್ಟಿನ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರ ಇದೆ, ಥಿಯೇಟರಿನಲ್ಲಿ ಸಿನಿಮಾಗಿಂತ ಮುಂಚೆ ಜಾಹೀರಾತು ಬರುತ್ತದೆ, ಡಾಕ್ಟರ್ ಹೇಳುತ್ತಾರೆ, ಮನೆಯವರಂತೂ ದಿನಾ ಹೇಳುತ್ತಾರೆ. ಆದರೆ ಬಿಟ್ಟು ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ಸುಮ್ನೆ ನಿಂತಿದ್ದಾಗ, ಮೊದಲ ದಿನದಷ್ಟೇ ಜೋರಾಗಿ ಸೇದಬೇಕು ಅನ್ನಿಸಿದರೆ ಏನು ಮಾಡಬೇಕು ಅಂತ ಹೇಳಿಕೊಡುವವರು ತುಂಬಾ ಕಡಿಮೆ. ಆ ಹೊತ್ತಿನಲ್ಲಿ ಜನ ತಮ್ಮಷ್ಟಕ್ಕೆ ಹೇಳಿಕೊಳ್ಳುವ ಮಾತು ಒಂದೇ: "ಇದು ನನ್ನಿಂದ ಆಗೋದಲ್ಲ. ಚಟ ಒಳಗೇ ಕೂತಿದೆ. ಇವತ್ತಲ್ಲ ನಾಳೆ ಸೇದೇ ಸೇದ್ತೀನಿ."

ನನ್ನ ಪ್ರಕಾರ ಸಿಗರೇಟಿಗಿಂತ ಮುಂಚೆ ಈ ಮಾತೇ ಜನರನ್ನು ಸೋಲಿಸುತ್ತದೆ. ನಾಲ್ಕನೇ ತಿಂಗಳ ಆಸೆಗೂ ಮನಸ್ಸಿನ ಗಟ್ಟಿತನಕ್ಕೂ ಇರುವ ಸಂಬಂಧ ನಾವಂದುಕೊಂಡಷ್ಟಿಲ್ಲ. ಅದಕ್ಕೆ ಜಾಗದ ಜೊತೆ, ಹೊತ್ತಿನ ಜೊತೆ, ಜೊತೆಗಿರುವ ಜನರ ಜೊತೆ ಸಂಬಂಧ ಜಾಸ್ತಿ. ಇದು ಅರ್ಥವಾದರೆ ಭಯ ಅರ್ಧ ಇಳಿಯುತ್ತದೆ, ಮಾಡಬೇಕಾದ ಕೆಲಸವೂ ಕಣ್ಣಿಗೆ ಕಾಣುತ್ತದೆ.

ಮೊದಲು ದೇಹದ ಲೆಕ್ಕ ನೋಡೋಣ. ಹೊಗೆ ಎಳೆದ 10ರಿಂದ 20 ಸೆಕೆಂಡಿನಲ್ಲಿ ನಿಕೋಟಿನ್ ಮೆದುಳಿಗೆ ಮುಟ್ಟುತ್ತದೆ. ಹಿತ ಅನ್ನಿಸುವ ಡೋಪಮೈನ್ ಅಲ್ಲಿ ಬಿಡುಗಡೆಯಾಗುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿನ ನಿಕೋಟಿನ್ ಅರ್ಧಕ್ಕೆ ಇಳಿಯುತ್ತದೆ, ಆಗ ಮೆದುಳು ಇನ್ನೊಂದು ಕೇಳುತ್ತದೆ. ವರ್ಷಗಟ್ಟಲೆ ಸೇದಿದವರ ಮೆದುಳಿನಲ್ಲಿ ನಿಕೋಟಿನ್ ಹಿಡಿದುಕೊಳ್ಳುವ ಗ್ರಾಹಕಗಳ (ರಿಸೆಪ್ಟರ್) ಸಂಖ್ಯೆಯೇ ಹೆಚ್ಚಾಗಿರುತ್ತದೆ. ಹಾಗಾಗಿ ನಿಲ್ಲಿಸಿದ ಕೂಡಲೇ ಸಿಡುಕು, ನಿದ್ದೆಗೇಡು, ಕೆಲಸದ ಮೇಲೆ ಗಮನ ನಿಲ್ಲದಿರುವುದು, ಸಿಕ್ಕಾಪಟ್ಟೆ ಹಸಿವು ಎಲ್ಲ ಒಟ್ಟಿಗೆ ಬರುತ್ತವೆ. ಕೆಲವರಿಗೆ ಮಲಬದ್ಧತೆ ಆಗುತ್ತದೆ, ಬಾಯಿ ಹುಣ್ಣಾಗುತ್ತದೆ. ಇದು ಯಾರೂ ಹೇಳಿರುವುದಿಲ್ಲ, ಹಾಗಾಗಿ "ಬಿಟ್ಟಿದ್ದಕ್ಕೇ ಹೊಸ ಕಾಯಿಲೆ ಬಂತು" ಅಂತ ಗಾಬರಿಯಾಗಿ ಮತ್ತೆ ಹಚ್ಚಿದವರು ಇದ್ದಾರೆ. ಈ ಕಷ್ಟ ಮೊದಲ ಎರಡು ಮೂರು ದಿನ ತೀರಾ ಜಾಸ್ತಿ ಇರುತ್ತದೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಇಳಿದುಹೋಗುತ್ತದೆ. ಹೆಚ್ಚಾಗಿದ್ದ ಗ್ರಾಹಕಗಳೂ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ಸೇದದವರ ಮಟ್ಟಕ್ಕೆ ಬರುತ್ತವೆ ಅನ್ನುವುದನ್ನು ಮೆದುಳಿನ ಸ್ಕ್ಯಾನ್‌ಗಳಲ್ಲೇ ನೋಡಿದ್ದಾರೆ.

ಅಂದರೆ ನಾಲ್ಕನೇ ತಿಂಗಳಿಗೆ ದೇಹದಲ್ಲಿ ನಿಕೋಟಿನ್ನೂ ಇಲ್ಲ, ಅದರ ಕೊರತೆಯ ಕಾಟವೂ ಬಹುಮಟ್ಟಿಗೆ ಇಲ್ಲ. ಮತ್ತೆ ಆ ಆಸೆ ಎಲ್ಲಿಂದ ಬಂತು?

ದಿನಕ್ಕೆ ಹತ್ತು ಸಿಗರೇಟು, ಒಂದೊಂದಕ್ಕೆ ಸುಮಾರು ಹತ್ತು ದಮ್ಮು ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 36,500 ದಮ್ಮು. ಅಷ್ಟು ಸಲವೂ ಮೆದುಳಿಗೆ ಹಿತವಾಗಿದೆ, ಅಷ್ಟು ಸಲವೂ ಅದರ ಜೊತೆ ಏನೋ ಒಂದು ಇತ್ತು: ಕಾಫಿ ಲೋಟ, ಬೈಕಿನ ಸೀಟು, ಫೋನಿನಲ್ಲಿ ಬಾಸ್ ಬೈದದ್ದು, ಊಟದ ನಂತರದ ಐದು ನಿಮಿಷ. ಮೆದುಳು ಇವೆರಡನ್ನೂ ಸೇರಿಸಿಯೇ ಕಲಿತಿದೆ. ನಾಲೆಗೆ ನೀರು ನಿಲ್ಲಿಸಿದ ಮಾತ್ರಕ್ಕೆ ಗದ್ದೆಯ ಕಾಲುವೆ ಮುಚ್ಚಿಹೋಗುವುದಿಲ್ಲವಲ್ಲ, ಇದೂ ಹಾಗೆಯೇ. ಆ ಲೋಟ, ಆ ಸೀಟು, ಆ ಬೈಗುಳ ಎದುರಿಗೆ ಬಂದಾಗ ಹಳೆಯ ದಾರಿ ಎಚ್ಚೆತ್ತುಕೊಳ್ಳುತ್ತದೆ. ಇದನ್ನೇ ಟ್ರಿಗರ್ ಅನ್ನುವುದು. ಆಸೆ ಬಂತು ಅಂದರೆ ಚಟ ತಿರುಗಿ ಬಂತು ಅಂತ ಅರ್ಥ ಮಾಡಿಕೊಳ್ಳಬೇಕಿಲ್ಲ. ನೆನಪು ತನ್ನ ಕೆಲಸ ಮಾಡಿತು, ಅಷ್ಟೇ.

ನಮ್ಮ ಕಡೆಯ ಟ್ರಿಗರ್‌ಗಳ ವಿಷಯಕ್ಕೆ ಬಂದರೆ ಮೊದಲ ಹೆಸರು ಕಾಫಿಯದ್ದು. ಮೈಸೂರಿನಲ್ಲಿ ಯಾವ ಹೋಟೆಲ್ ಮುಂದೆ ನಿಂತರೂ ಪಕ್ಕದಲ್ಲೊಂದು ಬೀಡಾ ಅಂಗಡಿ ಇದ್ದೇ ಇರುತ್ತದೆ. ಬೈ ಟೂ ಕಾಫಿ ಕುಡಿದು ಲೋಟ ಇಡುವ ಮುಂಚೆಯೇ ಕೈ ಆ ಕಡೆ ಹೋಗುವ ಅಭ್ಯಾಸ ಸಾವಿರಾರು ಜನರಿಗಿದೆ. ಆದರೆ ಕಾಫಿಯಲ್ಲಿ ಇನ್ನೊಂದು ವಿಷಯ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಸಿಗರೇಟಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ನಮ್ಮ ಲಿವರ್‌ನಲ್ಲಿರುವ ಒಂದು ಕಿಣ್ವವನ್ನು ಚುರುಕು ಮಾಡುತ್ತವೆ. ಕಾಫಿಯ ಕೆಫೀನನ್ನು ಕರಗಿಸುವುದು ಅದೇ ಕಿಣ್ವ. ಸೇದುವವರ ದೇಹದಲ್ಲಿ ಕೆಫೀನ್ ಬೇಗ ಖಾಲಿಯಾಗುತ್ತದೆ, ಅದಕ್ಕೇ ಅವರು ದಿನಕ್ಕೆ ಐದಾರು ಕಾಫಿ ಕುಡಿದರೂ ಏನೂ ಆಗುವುದಿಲ್ಲ. ಸೇದುವುದು ನಿಲ್ಲಿಸಿದ ಕೆಲವೇ ದಿನದಲ್ಲಿ ಕಿಣ್ವದ ಚುರುಕು ಇಳಿಯುತ್ತದೆ. ಈಗ ಅದೇ ಐದಾರು ಕಾಫಿ ಕುಡಿದರೆ ರಕ್ತದಲ್ಲಿ ಕೆಫೀನ್ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. ಎದೆ ಢವಢವ, ಕೈ ನಡುಕ, ರಾತ್ರಿ ಎಲ್ಲ ಕಣ್ಣು ಬಿಟ್ಟುಕೊಂಡಿರುವುದು. ಪಾಪ, ಆ ಮನುಷ್ಯ ಇದನ್ನೆಲ್ಲ ಸಿಗರೇಟು ಬಿಟ್ಟಿದ್ದರ ಕಾಟ ಅಂದುಕೊಳ್ಳುತ್ತಾನೆ, ಒಂದು ಹಚ್ಚಿದರೆ ಸರಿಹೋಗುತ್ತೆ ಅಂದುಕೊಳ್ಳುತ್ತಾನೆ. ಬಿಟ್ಟ ಮೊದಲ ವಾರದಿಂದಲೇ ಕಾಫಿಯನ್ನು ಅರ್ಧಕ್ಕೆ ಇಳಿಸಿದರೆ ಈ ಗೊಂದಲ ಬಹಳಷ್ಟು ತಪ್ಪುತ್ತದೆ. ಕಾಫಿ ಬಿಡಲೇಬೇಕು ಅಂತ ನಾನು ಹೇಳುತ್ತಿಲ್ಲ, ಮೈಸೂರಿನವರಿಗೆ ಹಾಗೆ ಹೇಳುವುದೂ ಸರಿಯಲ್ಲ. ಕಡಿಮೆ ಕುಡಿಯಿರಿ, ನಿಂತು ಕುಡಿಯುವ ಕಡೆ ಬಿಟ್ಟು ಕೂತು ಕುಡಿಯುವ ಕಡೆ ಹೋಗಿ, ಬೆಳಗಿನದ್ದನ್ನು ಮನೆಯಲ್ಲೇ ಕುಡಿಯಿರಿ. ಇದೇ ಕಿಣ್ವ ಕೆಲವು ಮಾತ್ರೆಗಳನ್ನೂ ಕರಗಿಸುತ್ತದೆ. ಆಸ್ತಮಾಕ್ಕೆ ಕೊಡುವ ಥಿಯೋಫಿಲಿನ್, ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪೈನ್, ಓಲಾಂಜಪೈನ್ ತೆಗೆದುಕೊಳ್ಳುವವರು ಸಿಗರೇಟು ಬಿಡುತ್ತಿರುವುದನ್ನು ಡಾಕ್ಟರ್‌ಗೆ ಹೇಳಲೇಬೇಕು, ಡೋಸ್ ಬದಲಿಸಬೇಕಾಗಬಹುದು.

ಇನ್ನು ಮಂಡ್ಯ ಕಡೆಯ ಬೀಗರ ಊಟ. ಮುದ್ದೆ, ಮಟನ್ ಸಾರು, ಬೋಟಿ, ಹೊಟ್ಟೆ ಬಿರಿಯುವ ಹಾಗೆ ಉಂಡು ಕೈ ತೊಳೆದು ಶಾಮಿಯಾನದ ಹಿಂದೆ ಹೋದರೆ ಅಲ್ಲಿ ಹತ್ತು ಜನ ನಿಂತಿರುತ್ತಾರೆ, ಹತ್ತರಲ್ಲಿ ಎಂಟು ಜನ ಹಳೆಯ ಸ್ನೇಹಿತರು. "ಯಾಕ್ಲಾ ಮಗ, ಬಿಟ್ಬುಟ್ಯಂತೆ? ಒಂದು ಎಳುದ್ರೆ ಏನ್ ಸತ್ತೋಯ್ತೀಯಾ?" ಅಂತ ಪ್ರೀತಿಯಿಂದಲೇ ಪ್ಯಾಕೆಟ್ ಮುಂದೆ ಹಿಡಿಯುತ್ತಾರೆ. ಅದರ ಜೊತೆ ಎಣ್ಣೆಯೂ ಇದ್ದರೆ ಮುಗಿಯಿತು. ಬಿಟ್ಟವರು ಜಾರುವ ಸಂದರ್ಭಗಳಲ್ಲಿ ಮದ್ಯ ಯಾವಾಗಲೂ ಮುಂದೆ ಇರುತ್ತದೆ, ಯಾಕೆಂದರೆ ಅದು ಟ್ರಿಗರ್ ಕೂಡ ಹೌದು, ಬೇಡ ಅನ್ನುವ ಶಕ್ತಿಯನ್ನು ಸಡಿಲ ಮಾಡುವುದೂ ಹೌದು. ಮೊದಲ ಎರಡು ಮೂರು ತಿಂಗಳು ಎಣ್ಣೆಯ ಸಹವಾಸವನ್ನೇ ದೂರ ಇಡುವುದು ಒಳ್ಳೆಯದು ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

ಯುಗಾದಿಯ ಇಸ್ಪೀಟು ಇನ್ನೊಂದು. ಅರಳಿಕಟ್ಟೆಯಲ್ಲೋ ತೋಟದ ಮನೆಯಲ್ಲೋ ರಾತ್ರಿ ಎಲ್ಲ ಕೂತು ಎಲೆ ಹಾಕುವಾಗ ಬಾಯಲ್ಲಿ ಬೀಡಿ ಇಲ್ಲದಿದ್ದರೆ ಕೈಯೇ ಓಡುವುದಿಲ್ಲ ಅನ್ನುವವರನ್ನು ನೋಡಿದ್ದೇನೆ. ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಕರೆಂಟ್ ಬಂದಾಗ ಗದ್ದೆಗೆ ನೀರು ಕಟ್ಟಲು ಹೋಗುವ ರೈತನಿಗೆ ಕತ್ತಲು, ಚಳಿ, ಒಂಟಿತನ ಎಲ್ಲಕ್ಕೂ ಜೊತೆಯಾಗಿದ್ದದ್ದು ಒಂದು ಕಟ್ಟು ಬೀಡಿ. ಕಬ್ಬು ಅರೆಯುವ ಕಾಲದಲ್ಲಿ ಫ್ಯಾಕ್ಟರಿ ಮುಂದೆ ಸಾಲುಗಟ್ಟಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಾಯುವವರಿಗೂ ಅಷ್ಟೇ, ಅಲ್ಲಿ ಬೇರೆ ಕೆಲಸವೇ ಇರುವುದಿಲ್ಲ. ಮಾರ್ಲಾಮಿ ಹಬ್ಬದಲ್ಲಿ ಸತ್ತ ಹಿರಿಯರಿಗೆ ಎಡೆ ಇಡುವಾಗ ಅವರಿಗೆ ಇಷ್ಟವಾಗಿದ್ದ ಬೀಡಿ, ಸಿಗರೇಟು ಇಡುವುದು ನಮ್ಮ ಕಡೆ ಮಾಮೂಲು. ಅಪ್ಪನ ಎಡೆಗೆ ಅಂತ ತಂದ ಪ್ಯಾಕೆಟ್ ಹಬ್ಬ ಮುಗಿದ ಮೇಲೆ ದೇವರ ಮನೆ ಪಕ್ಕದಲ್ಲೇ ಉಳಿದಿರುತ್ತದೆ. ಬಿಟ್ಟ ಮಗನಿಗೆ ಅದು ಎಷ್ಟು ಕಷ್ಟದ ವಸ್ತು ಅಂತ ಮನೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ಒಂದೇ ಒಂದನ್ನು ಇಟ್ಟು, ಪೂಜೆ ಆದ ಕೂಡಲೇ ಹೊರಗೆ ಸಾಗಿಸಿದರೆ ಶಾಸ್ತ್ರಕ್ಕೂ ಕುಂದಿಲ್ಲ, ಮಗನಿಗೂ ಕ್ಷೇಮ. ಸಾವಿನ ಮನೆಯಂತೂ ಎಲ್ಲಕ್ಕಿಂತ ಕಷ್ಟ. ಮಣ್ಣು ಮಾಡಿ ಬಂದು ಜಗಲಿಯಲ್ಲಿ ಕೂತಾಗ ಪಕ್ಕದವರು ಬೀಡಿ ಚಾಚಿದರೆ ಬೇಡ ಅನ್ನುವುದಕ್ಕೆ ಮನಸ್ಸೇ ಇರುವುದಿಲ್ಲ. ವರ್ಷಗಟ್ಟಲೆ ಬಿಟ್ಟವರು ಮತ್ತೆ ಶುರು ಮಾಡಿದ ಕಥೆ ಕೇಳಿದರೆ ಬಹಳ ಸಲ ಅದರ ಹಿಂದೆ ಒಂದು ಸಾವು, ಒಂದು ಸಾಲ, ಒಂದು ಜಗಳ ಇರುತ್ತದೆ.

ಇಲ್ಲೇ ಒಂದು ಮುಖ್ಯವಾದ ವಿಷಯ ಹೇಳಬೇಕು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಎಷ್ಟೋ ಹುಡುಗರು ಅಲ್ಲೇ ಸಿಗರೇಟು ಬಿಡುತ್ತಾರೆ. ಆಫೀಸು, ಪಿಜಿ, ಮೆಟ್ರೋ ಎಲ್ಲ ಕಡೆ ಆಸೆ ನಿಧಾನವಾಗಿ ಇಳಿದಿರುತ್ತದೆ, ಗೆದ್ದೆ ಅನ್ನಿಸಿರುತ್ತದೆ. ಶನಿವಾರ ರೈಲು ಹತ್ತಿ ಮದ್ದೂರೋ ಪಾಂಡವಪುರವೋ ಬಂದು ಇಳಿದ ತಕ್ಷಣ ಆಸೆ ಉಕ್ಕಿ ಬರುತ್ತದೆ. "ಊರಿಗೆ ಬಂದರೆ ನಾನು ಕೆಟ್ಟೆ" ಅಂತ ಹೆದರಿ ಕೆಲವರು ಊರಿಗೆ ಬರುವುದನ್ನೇ ಕಡಿಮೆ ಮಾಡುತ್ತಾರೆ. ಮನಃಶಾಸ್ತ್ರದಲ್ಲಿ ಇದಕ್ಕೆ ಚೆನ್ನಾಗಿ ಗೊತ್ತಿರುವ ವಿವರಣೆ ಇದೆ. ಒಂದು ಅಭ್ಯಾಸವನ್ನು ಬಿಡುವುದನ್ನು ಮೆದುಳು ಯಾವ ಜಾಗದಲ್ಲಿ ಕಲಿತಿತೋ ಆ ಜಾಗಕ್ಕೇ ಅದು ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಹಳೆಯ ಜಾಗಕ್ಕೆ ಹೋದಾಗ ಹಳೆಯ ಪಾಠ ಮೇಲೆ ಬರುತ್ತದೆ. ಬೆಂಗಳೂರಿನಲ್ಲಿ ಬಿಟ್ಟದ್ದು ಸುಳ್ಳಲ್ಲ. ಊರಿನಲ್ಲಿ ಬಿಡುವ ಕೆಲಸ ಇನ್ನೂ ಬಾಕಿ ಇದೆ, ಅಷ್ಟೇ. ಅದನ್ನು ಊರಿನಲ್ಲೇ ಮಾಡಬೇಕು: ಅದೇ ಸ್ಟೇಷನ್, ಅದೇ ಗೂಡಂಗಡಿ, ಅದೇ ಗೆಳೆಯರು, ಕೈಯಲ್ಲಿ ಸಿಗರೇಟು ಮಾತ್ರ ಇಲ್ಲ. ಕೆಲವು ಸಲ ಹೀಗೆ ಹೋಗಿ ಬಂದರೆ ಅಲ್ಲಿಯೂ ಆಸೆ ಇಳಿಯುತ್ತಾ ಬರುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರ ಕಷ್ಟ ಇನ್ನೂ ಬೇರೆ ಥರ. ಕರ್ನಾಟಕದ ಸಿಗರೇಟು ತಂಬಾಕು ಹೆಚ್ಚಾಗಿ ಬೆಳೆಯುವುದೇ ಅಲ್ಲಿ. ತಂಬಾಕು ಹದ ಮಾಡುವ ಮನೆಯಲ್ಲಿ, ಅಂದರೆ ಬ್ಯಾರನ್‌ನಲ್ಲಿ, ಸೊಪ್ಪು ಬೇಯಿಸುವಾಗ ರಾತ್ರಿ ಎಲ್ಲ ಸೌದೆ ಹಾಕುತ್ತಾ ಎದ್ದಿರಬೇಕು, ಸುತ್ತ ಹೊಗೆಸೊಪ್ಪಿನ ವಾಸನೆ, ನಿದ್ದೆ ತಡೆಯಲು ಕೈಗೆ ಸಿಗುವುದೂ ಅದೇ. ಮನೆಗೆ ಅನ್ನ ಕೊಡುವ ಬೆಳೆಯಿಂದ ದೂರ ಇರಿ ಅಂತ ರೈತನಿಗೆ ಹೇಳಲು ಆಗುತ್ತದೆಯೇ? ಆಗುವುದಿಲ್ಲ. ಒದ್ದೆ ಸೊಪ್ಪು ಮುರಿಯುವಾಗ ಚರ್ಮದ ಮೂಲಕವೂ ನಿಕೋಟಿನ್ ಒಳಗೆ ಹೋಗುತ್ತದೆ, ತಲೆಸುತ್ತು ವಾಂತಿ ಬರುವುದು ಅದಕ್ಕೇ. ಹಾಗಾಗಿ ಕೈಗವಸು, ತುಂಬು ತೋಳಿನ ಅಂಗಿ ಹಾಕಿಕೊಳ್ಳುವುದು ಎಲ್ಲರಿಗೂ ಒಳ್ಳೆಯದು, ಬಿಟ್ಟವರಿಗಂತೂ ಇನ್ನೂ ಒಳ್ಳೆಯದು. ಬ್ಯಾರನ್ ಕಾಯುವ ರಾತ್ರಿ ಸೇದದವರೊಬ್ಬರನ್ನು ಜೊತೆಗೆ ಇಟ್ಟುಕೊಳ್ಳುವುದು, ಹುರಿಗಡಲೆಯೋ ಕಡಲೆಕಾಯಿಯೋ ಜೇಬಿನಲ್ಲಿರುವುದು ಇಂಥ ಸಣ್ಣ ಏರ್ಪಾಡುಗಳೇ ಅಲ್ಲಿ ನಡೆಯುವಂಥವು.

ಹಾಗಾದರೆ ಟ್ರಿಗರ್‌ನಿಂದ ಓಡಬೇಕೋ ಎದುರಿಸಬೇಕೋ? ಎರಡೂ ಬೇಕು, ಆದರೆ ಬೇರೆ ಬೇರೆ ಕಾಲದಲ್ಲಿ. ಮೊದಲ ಮೂರು ನಾಲ್ಕು ವಾರ ದೇಹದ ಕಾಟವೂ ಇರುವಾಗ ಸುಮ್ನೆ ದೂರ ಇರಿ. ಬೀಗರ ಊಟ ತಪ್ಪಿಸಿಕೊಂಡರೂ ಪರವಾಗಿಲ್ಲ, ಅಂಗಡಿ ಮುಂದಿನ ದಾರಿ ಬಿಟ್ಟು ಪಕ್ಕದ ರಸ್ತೆಯಲ್ಲಿ ಹೋದರೂ ಪರವಾಗಿಲ್ಲ, ಅದು ಹೇಡಿತನ ಅಲ್ಲ. ಆಮೇಲೆ ಒಂದೊಂದನ್ನೇ ಎದುರಿಸುತ್ತಾ ಬನ್ನಿ, ಸುಲಭದ್ದನ್ನು ಮೊದಲು, ಕಷ್ಟದ್ದನ್ನು ಕೊನೆಗೆ. ಜೀವನಪೂರ್ತಿ ತಪ್ಪಿಸಿಕೊಂಡೇ ಇದ್ದರೆ ಆ ಜಾಗದ ಹಳೆಯ ನೆನಪು ಹಾಗೇ ಉಳಿದಿರುತ್ತದೆ, ಮುಂದೆ ಯಾವತ್ತೋ ಒಂದು ದಿನ ಸಿದ್ಧತೆ ಇಲ್ಲದೆ ಅಲ್ಲಿಗೆ ಹೋದಾಗ ಅದು ಪೂರ್ತಿ ಬಲದಲ್ಲಿ ಎದುರಾಗುತ್ತದೆ.

ಎದುರಿಸುವುದು ಅಂದರೆ ಹಲ್ಲು ಕಚ್ಚಿಕೊಂಡು ಕೂರುವುದು ಅಂತ ಅಲ್ಲ. ಆಸೆ ಜೋರಾಗಿ ಏರಿ ಇಳಿಯುವುದಕ್ಕೆ ಬಹುತೇಕ ಸಲ ಕೆಲವೇ ನಿಮಿಷ ಸಾಕು, ಮೂರರಿಂದ ಐದು ನಿಮಿಷ ಅಂತ ಇಟ್ಟುಕೊಳ್ಳಿ. ಆ ಹೊತ್ತಿಗೆ ಏನು ಮಾಡುವುದು ಅಂತ ಮುಂಚೆಯೇ ಗೊತ್ತಿರಬೇಕು, ಆಸೆ ಬಂದ ಮೇಲೆ ಯೋಚನೆ ಮಾಡಲು ಹೋದರೆ ತಲೆ ಓಡುವುದಿಲ್ಲ. ಎದ್ದು ಹೊರಗೆ ನಡೆಯುವುದು, ನಿಧಾನವಾಗಿ ನೀರು ಕುಡಿಯುವುದು, ಯಾರಿಗಾದರೂ ಫೋನ್ ಮಾಡುವುದು, ಯಾವುದಾದರೂ ಸರಿ. ಪ್ಯಾಕೆಟ್ ಚಾಚಿದವರಿಗೆ ಕೊಡುವ ಉತ್ತರವೂ ಮೊದಲೇ ಸಿದ್ಧ ಇರಲಿ. "ಇವತ್ತು ಬೇಡ" ಅಂದರೆ ನಾಳೆ ಮತ್ತೆ ಕೇಳುತ್ತಾರೆ. "ಕೆಮ್ಮು ಕಣೋ" ಅಂದರೆ ಕೆಮ್ಮು ಹೋದ ಮೇಲೆ ಕೇಳುತ್ತಾರೆ. "ಬಿಟ್ಟಿದ್ದೀನಿ ಕಣೋ, ಕೊಡಬೇಡ" ಅಂದರೆ ಎರಡು ಸಲ ರೇಗಿಸಿ ಸುಮ್ಮನಾಗುತ್ತಾರೆ. ಊಟದ ನಂತರ ಬಾಯಿಗೆ ಏನಾದರೂ ಬೇಕೇ ಬೇಕು ಅನ್ನುವವರು ಸೋಂಪು, ಏಲಕ್ಕಿ, ಲವಂಗ ಇಟ್ಟುಕೊಳ್ಳಿ. ಎಲೆಯಡಿಕೆಗೆ ಮಾತ್ರ ಹೋಗಬೇಡಿ. ತಂಬಾಕು ಇಲ್ಲದಿದ್ದರೂ ಬರೀ ಅಡಿಕೆಯೇ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಸಿಗರೇಟು ಬಿಟ್ಟು ಕಡ್ಡಿಪುಡಿಗೆ, ಗುಟ್ಕಾಕ್ಕೆ ದಾಟಿಕೊಳ್ಳುವುದಂತೂ ನಮ್ಮ ರಾಜ್ಯದ ದೊಡ್ಡ ಅಪಾಯ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೊಗೆ ಸೇದುವ ವಯಸ್ಕರು ಶೇ 8.8 ಇದ್ದರೆ, ಅಗಿಯುವ ಮತ್ತು ಇತರ ಹೊಗೆರಹಿತ ತಂಬಾಕು ಬಳಸುವವರು ಶೇ 16.3 ಇದ್ದರು.

ಔಷಧಿ ಬಗ್ಗೆ ಜನಕ್ಕೆ ಒಂದು ಹಿಂಜರಿಕೆ ಇದೆ, "ಮಾತ್ರೆ ತಗೊಂಡು ಬಿಟ್ಟರೆ ಅದೇನು ಬಿಟ್ಟ ಹಾಗಾ" ಅನ್ನುತ್ತಾರೆ. ದಯವಿಟ್ಟು ಹಾಗೆ ಯೋಚಿಸಬೇಡಿ. 2 ಮಿಲಿಗ್ರಾಂ ನಿಕೋಟಿನ್ ಗಮ್ ಮೆಡಿಕಲ್ ಶಾಪ್‌ಗಳಲ್ಲಿ ಚೀಟಿ ಇಲ್ಲದೆಯೇ ಸಿಗುತ್ತದೆ. ಬಹಳ ಜನ ಅದನ್ನು ಚೂಯಿಂಗ್ ಗಮ್ ಥರ ಅಗಿದು, ಗಂಟಲು ಉರಿದು, "ಇದು ಕೆಲಸ ಮಾಡಲ್ಲ" ಅಂತ ಎಸೆಯುತ್ತಾರೆ. ನಿಧಾನವಾಗಿ ಅಗಿಯಬೇಕು, ಬಾಯಿ ಚುರುಗುಟ್ಟಿದ ಕೂಡಲೇ ನಿಲ್ಲಿಸಿ ಕೆನ್ನೆಯ ಒಳಗೆ ಇಟ್ಟುಕೊಳ್ಳಬೇಕು, ಚುರುಗುಟ್ಟುವುದು ನಿಂತ ಮೇಲೆ ಮತ್ತೆ ಅಗಿಯಬೇಕು. ಅದಕ್ಕೆ ಕಾಲು ಗಂಟೆ ಮುಂಚೆ ಕಾಫಿ, ಜ್ಯೂಸ್ ಕುಡಿಯಬಾರದು, ಕುಡಿದರೆ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಬೀಗರ ಊಟಕ್ಕೆ, ಯುಗಾದಿಗೆ ಹೊರಡುವಾಗ ಜೇಬಿನಲ್ಲಿ ಇದು ಇದ್ದರೆ ಧೈರ್ಯ ಬರುತ್ತದೆ. ಚರ್ಮಕ್ಕೆ ಅಂಟಿಸಿಕೊಳ್ಳುವ ನಿಕೋಟಿನ್ ಪ್ಯಾಚ್ ಮತ್ತು ಗಮ್ ಎರಡನ್ನೂ ಸೇರಿಸಿ ಬಳಸಿದರೆ ಒಂದನ್ನೇ ಬಳಸುವುದಕ್ಕಿಂತ ಜಾಸ್ತಿ ಜನ ಗೆಲ್ಲುತ್ತಾರೆ. ಸೇದುವ ಆಸೆ ಇಳಿಸುವ ವರೆನಿಕ್ಲಿನ್, ಬುಪ್ರೋಪಿಯಾನ್ ಮಾತ್ರೆಗಳಿಗೆ ಡಾಕ್ಟರ್ ಚೀಟಿ ಬೇಕು. ಈ ಎರಡು ಮಾತ್ರೆಗಳನ್ನು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ.

ಈಗ ಭಯದ ವಿಷಯ. ಯಾವ ಸಹಾಯವೂ ಇಲ್ಲದೆ ಬಿಡಲು ಪ್ರಯತ್ನಿಸಿದ ನೂರು ಜನರಲ್ಲಿ ಆರು ತಿಂಗಳಿಂದ ಒಂದು ವರ್ಷದ ಹೊತ್ತಿಗೆ ಸೇದದೆ ಉಳಿಯುವವರು ಮೂರರಿಂದ ಐದು ಜನ ಅನ್ನುವ ಲೆಕ್ಕ ಬಹಳ ಕಡೆ ಬರುತ್ತದೆ. ಓದಿದರೆ ಯಾರಿಗಾದರೂ ಎದೆ ಒಡೆಯುತ್ತದೆ. ಆದರೆ ಅದೇ ಅಧ್ಯಯನಗಳಲ್ಲಿ ಇನ್ನೊಂದು ಮಾತೂ ಇದೆ: ಸೋಲುವವರಲ್ಲಿ ಬಹುಪಾಲು ಜನ ಸೋಲುವುದು ಮೊದಲ ಎಂಟು ದಿನದಲ್ಲಿ. ಮುಂದಕ್ಕೆ ಹೋದಷ್ಟೂ ಜಾರುವವರ ಸಂಖ್ಯೆ ಇಳಿಯುತ್ತಾ ಹೋಗುತ್ತದೆ, ಒಂದು ವರ್ಷ ದಾಟಿದವರಲ್ಲಿ ಆಮೇಲೆ ಮತ್ತೆ ಶುರು ಮಾಡುವವರು ಕಡಿಮೆ. ಅಂದರೆ ನಾಲ್ಕನೇ ತಿಂಗಳಲ್ಲಿ ಹೆದರಿ ಕೂತಿರುವ ಮನುಷ್ಯ ಅತಿ ಕಡಿದಾದ ದಾರಿಯನ್ನು ಆಗಲೇ ದಾಟಿದ್ದಾನೆ. ಅಪಾಯ ಇಳಿಯುತ್ತಿದೆ, ಭಯ ಮಾತ್ರ ಇಳಿದಿಲ್ಲ, ಯಾಕೆಂದರೆ ಈಗ ಕಳೆದುಕೊಳ್ಳಲು ನಾಲ್ಕು ತಿಂಗಳಿನ ಶ್ರಮ ಇದೆ. ಈ ಭಯವನ್ನು ದೌರ್ಬಲ್ಯ ಅಂತ ನೋಡುವುದು ನನಗೆ ಸರಿ ಕಾಣುವುದಿಲ್ಲ. ಬೆಲೆ ಇರುವ ವಸ್ತು ಕೈಯಲ್ಲಿದ್ದಾಗ ಹೆದರಿಕೆ ಸಹಜ.

ಕನಸಿನ ವಿಷಯವೂ ಹೀಗೆಯೇ. ಬಿಟ್ಟವರಿಗೆ ಸಿಗರೇಟು ಸೇದಿದ ಹಾಗೆ ಕನಸು ಬೀಳುವುದು ಬಹಳ ಸಾಮಾನ್ಯ. ಎಷ್ಟು ನಿಜ ಅನ್ನಿಸುತ್ತದೆ ಅಂದರೆ ಎದ್ದ ಮೇಲೂ ಬಾಯಿ ವಾಸನೆ ನೋಡಿಕೊಳ್ಳುವ ಹಾಗಾಗುತ್ತದೆ, "ಅಯ್ಯೋ, ಎಲ್ಲ ಹಾಳು ಮಾಡಿಕೊಂಡೆ" ಅಂತ ಸಂಕಟ ಆಗುತ್ತದೆ. ಇದು ಒಳಗಿನ ಆಸೆಯ ಮುನ್ಸೂಚನೆ ಅಂತ ಹೆದರಬೇಡಿ. ಕನಸಿನಲ್ಲಿಯೂ ಸೇದಿದ್ದಕ್ಕೆ ಸಂಕಟ ಆಯಿತು ಅಂದರೆ ಬಿಡುವ ನಿರ್ಧಾರ ಎಷ್ಟು ಒಳಗೆ ಇಳಿದಿದೆ ನೋಡಿ.

ಭಯಕ್ಕಿಂತ ನನಗೆ ಜಾಸ್ತಿ ಚಿಂತೆಯಾಗುವುದು ಅದರ ಎದುರಿನ ಭಾವನೆ ಬಗ್ಗೆ. ಎಂಟು ತಿಂಗಳಾದ ಮೇಲೆ "ಈಗ ನನ್ನ ಹಿಡಿತದಲ್ಲಿದೆ, ಹಬ್ಬಕ್ಕೆ ಒಂದು ಸೇದಿದರೆ ಏನಾಗುತ್ತೆ ನೋಡೋಣ" ಅನ್ನಿಸುತ್ತದೆ. ಒಂದು ಸಿಗರೇಟಿನಲ್ಲಿರುವ ನಿಕೋಟಿನ್ ಮೆದುಳಿನ ಆ ಗ್ರಾಹಕಗಳಲ್ಲಿ ಬಹುಪಾಲನ್ನು ತುಂಬಲು ಸಾಕು. ಪರೀಕ್ಷೆ ಮಾಡಿ ನೋಡುವಂಥದ್ದು ಇಲ್ಲಿ ಏನೂ ಇಲ್ಲ.

ಆದರೂ ಜಾರಿದರೆ? ಒಂದು ಸೇದಿಬಿಟ್ಟರೆ? ಜಾರುವುದು ಬೇರೆ, ಮತ್ತೆ ಚಟಕ್ಕೆ ಬೀಳುವುದು ಬೇರೆ. 1980ರ ದಶಕದಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಅಲನ್ ಮಾರ್ಲೆಟ್ ಈ ವ್ಯತ್ಯಾಸವನ್ನು ವಿವರವಾಗಿ ತೋರಿಸಿದರು. ಒಂದು ಸಿಗರೇಟು ಸೇದಿದವನು ಎರಡನೆಯದಕ್ಕೆ ಹೋಗುವುದರಲ್ಲಿ ನಿಕೋಟಿನ್ ಪಾತ್ರ ಇದೆ, ಆದರೆ ಅಷ್ಟೇ ದೊಡ್ಡ ಪಾತ್ರ ಅವನು ತನಗೆ ತಾನೇ ಹೇಳಿಕೊಳ್ಳುವ ಮಾತಿನದ್ದು. "ವ್ರತ ಕೆಟ್ಟಿತು, ಇನ್ನೇನು ಉಳಿಯಿತು" ಅಂತ ಅಂದುಕೊಂಡವನು ಅಂದೇ ಪ್ಯಾಕೆಟ್ ಮುಗಿಸುತ್ತಾನೆ. "ಇವತ್ತು ಅಲ್ಲಿ, ಅವರ ಜೊತೆ, ಆ ಕಾರಣಕ್ಕೆ ಜಾರಿದೆ" ಅಂತ ಬಿಡಿಸಿ ನೋಡಿದವನು ಮಾರನೇ ದಿನ ಮತ್ತೆ ಸೇದದೆ ಇರಬಲ್ಲ. ಒಂದು ಸೇದಿದ ಮಾತ್ರಕ್ಕೆ ಹಿಂದಿನ ತಿಂಗಳುಗಳು ಸುಳ್ಳಾಗುವುದಿಲ್ಲ. ಅಷ್ಟು ದಿನ ಹೃದಯಕ್ಕೆ, ಶ್ವಾಸಕೋಶಕ್ಕೆ ಸಿಕ್ಕ ವಿಶ್ರಾಂತಿ ನಿಜವಾಗಿ ಸಿಕ್ಕಿದೆ. ಉಳಿದ ಪ್ಯಾಕೆಟ್ ಇದ್ದರೆ ಅದನ್ನು ನೀರಿಗೆ ಹಾಕಿ, ಅಂದೇ ಯಾರಿಗಾದರೂ ಹೇಳಿಬಿಡಿ. ಮುಚ್ಚಿಟ್ಟ ಸಿಗರೇಟು ಬೇಗ ಬೆಳೆಯುತ್ತದೆ.

ಟೆನ್ಷನ್‌ಗೆ ಸಿಗರೇಟೇ ಮದ್ದು ಅನ್ನುವ ನಂಬಿಕೆಯೂ ಜನರನ್ನು ಹಿಂದಕ್ಕೆ ಎಳೆಯುತ್ತದೆ. ಸೇದಿದಾಗ ಹಾಯೆನಿಸುವುದು ಸುಳ್ಳಲ್ಲ. ಆದರೆ ಅದರಲ್ಲಿ ದೊಡ್ಡ ಪಾಲು ಹಿಂದಿನ ಸಿಗರೇಟಿನ ನಿಕೋಟಿನ್ ಇಳಿದು ಶುರುವಾದ ಚಡಪಡಿಕೆ ನಿಂತದ್ದರ ಹಾಯಿ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ 26 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಮರ್ಶೆ ಪ್ರಕಟಿಸಿತು. ಸೇದುತ್ತಲೇ ಇದ್ದವರಿಗೆ ಹೋಲಿಸಿದರೆ ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ಕಡಿಮೆಯಾಗಿದ್ದವು. ತೂಕ ಮಾತ್ರ ಏರುತ್ತದೆ, ಮೊದಲ ವರ್ಷ ಸರಾಸರಿ ನಾಲ್ಕೈದು ಕೆಜಿ. ಅದನ್ನು ಆಮೇಲೆ ನಿಧಾನವಾಗಿ ನೋಡಿಕೊಳ್ಳಬಹುದು. ಕುಕ್ಕರಹಳ್ಳಿ ಕೆರೆ ಸುತ್ತ ಬೆಳಿಗ್ಗೆ ನಡೆಯುವ ಅಭ್ಯಾಸ ಮಾಡಿಕೊಂಡರೆ ತೂಕಕ್ಕೂ ಆಯಿತು, ಬೆಳಗಿನ ಮೊದಲ ಸಿಗರೇಟಿನ ಹೊತ್ತೂ ತುಂಬಿತು.

ಸರ್ಕಾರದ ಕಡೆಯಿಂದ ಏನಿದೆ ಅಂತ ನೋಡಿದರೆ ಕಾನೂನು ಗಟ್ಟಿಯಾಗುತ್ತಿದೆ. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯಿಂದ ತಂಬಾಕು ಕೊಳ್ಳುವ ವಯಸ್ಸು 21ಕ್ಕೆ ಏರಿತು, ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200 ರೂಪಾಯಿಯಿಂದ 1,000 ರೂಪಾಯಿವರೆಗೆ ಹೋಯಿತು, ಹುಕ್ಕಾ ಬಾರ್‌ಗೆ ನಿಷೇಧ ಬಂತು. ಇದು ಬರೀ ಹೊಸಬರನ್ನು ತಡೆಯುವ ಕಾನೂನು ಅನ್ನಿಸಬಹುದು. ಬಿಟ್ಟವರಿಗೂ ಇದರಿಂದ ದೊಡ್ಡ ಉಪಕಾರ ಇದೆ. ಬಸ್ ಸ್ಟ್ಯಾಂಡಿನಲ್ಲಿ ಯಾರೂ ಸೇದದೆ ಇದ್ದರೆ ನಾಲ್ಕನೇ ತಿಂಗಳಿನ ಆ ಮನುಷ್ಯನಿಗೆ ಒಂದು ಟ್ರಿಗರ್ ಕಡಿಮೆ. ಹಾಗಾಗಿ ಈ ನಿಯಮ ಕಾಗದದಲ್ಲಿ ಉಳಿಯದೆ ರಸ್ತೆಯಲ್ಲಿ ಕಾಣಬೇಕು ಅಂತ ನಾನು ಒತ್ತಿ ಹೇಳುತ್ತೇನೆ. ಬಿಡಲು ಸಹಾಯ ಬೇಕಾದವರಿಗೆ ರಾಷ್ಟ್ರೀಯ ಕ್ವಿಟ್‌ಲೈನ್ ಇದೆ, 1800-11-2356, ದುಡ್ಡು ಖರ್ಚಾಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಕೇಂದ್ರ ಇರುವುದರಿಂದ ಕನ್ನಡದಲ್ಲೇ ಮಾತಾಡಬಹುದು. ಬಿಡುವ ದಿನ ಮಾತ್ರ ಕರೆ ಮಾಡಬೇಕು ಅಂತೇನಿಲ್ಲ. ಬಿಟ್ಟು ತಿಂಗಳಾದ ಮೇಲೆ ಭಯವಾದರೂ ಮಾಡಬಹುದು, ಜಾರಿದ ಮಾರನೇ ದಿನವೂ ಮಾಡಬಹುದು. ಮನಸ್ಸೇ ಕುಗ್ಗಿಹೋಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್‌ನಂಥ ದೊಡ್ಡ ಸರ್ಕಾರಿ ಆಸ್ಪತ್ರೆಗಳ ಮನೋವೈದ್ಯ ವಿಭಾಗದಲ್ಲಿ ನೇರವಾಗಿ ಹೋಗಿ ಕೇಳಬಹುದು, ಇದಕ್ಕೆಲ್ಲ ಅಲ್ಲಿಗೆ ಹೋಗುವುದಾ ಅಂತ ನಾಚಿಕೊಳ್ಳಬೇಡಿ.

ಮನೆಯವರಿಗೆ ಎರಡು ಮಾತು. ಮೊದಲ ವಾರದ ಸಿಡುಕು ನೋಡಲಾರದೆ "ಸೇದ್ಬಿಡ್ರೀ ಅತ್ಲಾಗೆ, ನಿಮ್ಮ ಮುಖ ನೋಡಕ್ಕಾಗ್ತಿಲ್ಲ" ಅಂತ ಹೆಂಡತಿ ಹೇಳಿದ್ದು ಬೇಸರಕ್ಕೆ ಬಂದ ಮಾತೇ ಇರಬಹುದು, ಆದರೆ ಗಂಡ ಕಾಯುತ್ತಿದ್ದದ್ದು ಅದೇ ಅಪ್ಪಣೆಗೆ. ಇನ್ನೂ ಮೂರು ವಾರ ತಡೆದುಕೊಳ್ಳಿ, ಅದು ಇಳಿಯುತ್ತದೆ. ಅಂಗಿ ಮೂಸಿ ನೋಡುವುದು, ಜೇಬು ತಡಕುವುದು, ನೆಂಟರ ಮುಂದೆ "ಇವರು ಬಿಟ್ಟಿದ್ದಾರಂತೆ, ನೋಡೋಣ ಎಷ್ಟು ದಿನ" ಅನ್ನುವುದು ಬೇಡ. ಜಾರಿದ್ದು ಗೊತ್ತಾದರೆ ರಂಪ ಮಾಡುವ ಬದಲು ಎಲ್ಲಿ, ಯಾವ ಹೊತ್ತಿನಲ್ಲಿ, ಯಾರ ಜೊತೆ ಇದ್ದಾಗ ಅಂತ ಕೇಳಿ. ಆ ಮೂರು ಉತ್ತರ ಸಿಕ್ಕರೆ ಮುಂದಿನ ಸಲ ಅಲ್ಲಿಗೆ ಹೋಗುವಾಗ ನೀವೂ ಜೊತೆಗೆ ಹೋಗಬಹುದು, ಇಲ್ಲವೇ ಆ ಹೊತ್ತಿಗೆ ಸರಿಯಾಗಿ ಒಂದು ಫೋನ್ ಮಾಡಬಹುದು.